ಐದು ವಿಷಯಕ್ಕೂ ಒಂದೇ ನದಿ ಸಾಕು

ಆರನೇ ತರಗತಿಗೆ ಭೂಗೋಳದ ಐದು ಮೂಲ ವಿಷಯಗಳನ್ನು (ಸ್ಥಾನ, ಸ್ಥಳದ ಗುಣ, ಮನುಷ್ಯ ಮತ್ತು ಪರಿಸರದ ಸಂಬಂಧ, ಚಲನೆ, ಪ್ರದೇಶ) ಒಂದೊಂದಾಗಿ ಹೇಳಲೇ, ಒಟ್ಟಿಗೆ ಹೇಳಲೇ ಎಂದು ಕೇಳಿದ್ದೀರಿ. ಒಟ್ಟಿಗೇ ಹೇಳಿ. 1984ರಲ್ಲಿ ಅಮೆರಿಕದ ಭೂಗೋಳ ಶಿಕ್ಷಕರು, ತಜ್ಞರು ಸೇರಿ ಈ ಐದನ್ನು ಗೊತ್ತುಮಾಡಿದ್ದು ಪಾಠ ಸುಲಭವಾಗಲಿ ಅಂತ, ಉರು ಹೊಡೆಸಲು ಅಲ್ಲ.

ನೈಲ್ ನದಿಯನ್ನು ತೆಗೆದುಕೊಳ್ಳಿ. ಅದರ ದಡದಲ್ಲಿರುವ ಈಜಿಪ್ಟಿನ ರಾಜಧಾನಿ ಕೈರೋ ಎಲ್ಲಿದೆ? ಸುಮಾರು 30 ಡಿಗ್ರಿ ಉತ್ತರ, 31 ಡಿಗ್ರಿ ಪೂರ್ವ. ಇದು ಸ್ಥಾನ. ಅಲ್ಲಿ ಹೇಗಿದೆ? ಮರುಭೂಮಿಯ ನಡುವೆ ಹಸಿರು ಪಟ್ಟಿ, ತುಂಬಾ ಜನ. ಇದು ಸ್ಥಳದ ಗುಣ. ಇವೆರಡನ್ನೂ ಬೇಗ ಮುಗಿಸಿ.

ಜಾಸ್ತಿ ಸಮಯ ಕೊಡಬೇಕಾದದ್ದು ಮನುಷ್ಯ ಮತ್ತು ಪರಿಸರದ ಸಂಬಂಧಕ್ಕೆ. 1970ರಲ್ಲಿ ಈಜಿಪ್ಟಿನಲ್ಲಿ ನೈಲ್‌ಗೆ ಅಡ್ಡಲಾಗಿ ಕಟ್ಟಿದ ಆಸ್ವಾನ್ ಹೈ ಡ್ಯಾಂ ಮುಗಿಯಿತು. ವರ್ಷವರ್ಷದ ಪ್ರವಾಹ ನಿಂತಿತು, ವಿದ್ಯುತ್ ಸಿಕ್ಕಿತು. ಆದರೆ ಹೊಲಕ್ಕೆ ಬರುತ್ತಿದ್ದ ಮೆಕ್ಕಲು ಮಣ್ಣು ಅಣೆಕಟ್ಟಿನ ಹಿಂದೆಯೇ ಉಳಿಯಿತು. ರೈತರು ಹೆಚ್ಚು ಗೊಬ್ಬರ ಹಾಕಬೇಕಾಯಿತು. ಡ್ಯಾಂ ಕಟ್ಟಿದ್ದು ಸರಿಯಾ ಎಂದು ಕೇಳಿ, ಸುಮ್ನೆ ಇದ್ದುಬಿಡಿ. ಮಕ್ಕಳೇ ವಾದ ಶುರುಮಾಡುತ್ತಾರೆ. ದಯವಿಟ್ಟು ಆ ವಾದವನ್ನು ನಿಲ್ಲಿಸಬೇಡಿ.

ಚಲನೆಗೂ ನೈಲ್ ಚೆನ್ನಾಗಿ ಒದಗುತ್ತದೆ. ನದಿ ಉತ್ತರಕ್ಕೆ ಹರಿಯುತ್ತದೆ, ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ದೋಣಿಗೆ ಹೋಗಲು ಹರಿವು, ಬರಲು ಹಾಯಿ! ಇನ್ನು ಪ್ರದೇಶ: ನೈಲ್ ಮುಖಜ ಭೂಮಿಯ (ನದಿ ಸಮುದ್ರ ಸೇರುವಲ್ಲಿ ಮೆಕ್ಕಲು ಮಣ್ಣಿನಿಂದಾದ ನೆಲ) ಗಡಿಯನ್ನು ಮಕ್ಕಳೇ ನಕ್ಷೆಯಲ್ಲಿ ಎಳೆಯಲಿ. ಒಬ್ಬೊಬ್ಬರದು ಒಂದೊಂದು ಥರ ಬಂದರೆ ತಿದ್ದಬೇಡಿ, ಯಾಕೆ ಹಾಗೆ ಎಳೆದಿರಿ ಎಂದು ಕೇಳಿ.