ಭಾರದ ರಾಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಡೌನ್ ತಂಡದ ‘ನೋಲಾ’ (1995) ಆಲ್ಬಂ ಅನ್ನು ಕೆಲವರು ಹೊಗಳಿ ಅಟ್ಟಕ್ಕೇರಿಸುತ್ತಾರೆ, ಕೆಲವರು ‘ಎಲ್ಲ ಹಾಡೂ ಒಂದೇ ಥರ’ ಎನ್ನುತ್ತಾರೆ. ನನ್ನ ಇಯರ್‌ಫೋನಿನಲ್ಲಂತೂ ಬರೀ ಗುಂಯ್. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಅರ್ಧ ಸರಿ. ನ್ಯೂ ಆರ್ಲಿಯನ್ಸ್‌ನ ಈ ತಂಡ ಬ್ರಿಟನ್ನಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬತ್‌ನ ನಿಧಾನಗತಿಯ ರಿಫ್‌ಗೆ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅಮೆರಿಕದ ದಕ್ಷಿಣ ಭಾಗದ ಬ್ಲೂಸ್ ಬೆರೆಸಿತು. ವೇಗದ ಮೆಟಲ್ ಬಯಸುವವರಿಗೆ ಇದು ಎಳೆದಂತೆ ಅನಿಸುವುದು ಸಹಜ. ಆದರೆ ‘ಒಂದೇ ಥರ’ ಎನ್ನುವವರು ‘ಜೈಲ್’ ಕೇಳಿಲ್ಲವೆಂದೇ ನಮ್ಮ ಗುಮಾನಿ. ಅಬ್ಬರವಿಲ್ಲದ, ಮಂಪರು ಹಿಡಿಸುವ ಹಾಡು ಅದು. ‘ಸ್ಟೋನ್ ದ ಕ್ರೋ’ದಿಂದ ಶುರು ಮಾಡಿ.

ಗುಂಯ್‌ಗೆ ಮೊದಲು ಬಾಸ್ ಬೂಸ್ಟ್ ಆಫ್ ಮಾಡಿ. ಫಝ್ (ಬೇಕೆಂದೇ ಒರಟಾಗಿಸಿದ ದನಿಯ) ಗಿಟಾರ್ ಮತ್ತು ಬಾಸ್ ಎರಡೂ 200ರಿಂದ 300 ಹರ್ಟ್ಸ್ ಆಸುಪಾಸಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಈಕ್ವಲೈಝರ್‌ನಲ್ಲಿ ಅಲ್ಲಿ 2–3 ಡೆಸಿಬಲ್ ಇಳಿಸಿದರೆ ಡ್ರಮ್ ಬಿಡಿಯಾಗಿ ಕೇಳುತ್ತದೆ. ಫೋನಿನ ಸ್ಪೀಕರ್ ಬೇಡವೇ ಬೇಡ.

ಪ್ರಶ್ನೆ: ಇಂಥ ರಿಫ್ ನುಡಿಸಲು ಗಿಟಾರಿನ ಶ್ರುತಿಯನ್ನು ಸಿ ಶಾರ್ಪ್‌ಗೆ ಇಳಿಸಿದೆ. ತಂತಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಪಟ್ಟಿ) ಬಡಿಯುತ್ತಿದೆ, ಕಾರ್ಡ್ ಅಪಸ್ವರವಾಗುತ್ತಿದೆ.

ಉತ್ತರ: ಆರನೇ, ಅಂದರೆ ಅತಿ ದಪ್ಪನೆಯ ತಂತಿ 82ರಿಂದ ಸುಮಾರು 69 ಹರ್ಟ್ಸ್‌ಗೆ ಇಳಿದಿದೆ, ಬಿಗಿ ಸುಮಾರು ಶೇ 30ರಷ್ಟು ಹೋಗಿದೆ. ಸಡಿಲ ತಂತಿಯನ್ನು ತುಸು ಜೋರಾಗಿ ಒತ್ತಿದರೂ ಸ್ವರ ಮೇಲೇರುತ್ತದೆ. 10–46ರ ಬದಲು ಇನ್ನೂ ದಪ್ಪನೆಯ 12–56 ತಂತಿಗಳ ಸೆಟ್ ಹಾಕಿ (ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ದಪ್ಪ ತಂತಿಗೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳು ಕಿರಿದಾದರೆ ತಿಳಿದವರಿಂದ ಅಗಲಿಸಿ. ಕೊನೆಗೆ ಇಂಟೊನೇಷನ್, ಅಂದರೆ ಕತ್ತಿನುದ್ದಕ್ಕೂ ಶ್ರುತಿ ಸರಿಯಿರುವುದು: 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಮುಟ್ಟಿ ಮೀಟಿದ ಸ್ವರ) ಮೇಲಿದ್ದರೆ ಸ್ಯಾಡಲ್ (ತಂತಿಯ ಇನ್ನೊಂದು ತುದಿ ಕೂರುವ ಭಾಗ) ಹಿಂದಕ್ಕೆ ಸರಿಸಿ. ಆಂಪ್‌ನಲ್ಲಿ ದನಿಯನ್ನು ಒರಟಾಗಿಸುವ ಗೇನ್ ಕೂಡ ತಗ್ಗಿಸಿ. ಭಾರ ಬರುವುದು ಫಝ್‌ನಿಂದಷ್ಟೇ ಅಲ್ಲ, ಎರಡು ಹೊಡೆತಗಳ ನಡುವಿನ ಬಿಡುವಿನಿಂದ.