ನಕ್ಷೆಯೂ ಕಾರ್ಟ್, ಕಾಯಿಯೂ ಕಾರ್ಟ್

ಪ್ರಶ್ನೆ: ಮಗಳು ಓದಲು ನಾರ್ವೆಗೆ ಹೊರಟಿದ್ದಾಳೆ. ಅವಳ ಪದಪಟ್ಟಿಯಲ್ಲಿ ‘ಕಾರ್ಟ್’ ಎಂದರೆ ನಕ್ಷೆ ಎಂದಿದೆ, ಇನ್ನೊಂದು ಪುಟದಲ್ಲಿ ಹಣ್ಣಾಗದ ಕಾಯಿ ಎಂದಿದೆ. ಎರಡಕ್ಕೂ ನಂಟು ಉಂಟೇ? ನಾವು ಹೇಳುವ ಕಾರ್ಡ್, ಚಾರ್ಟ್‌ಗಳಿಗೂ ಇದಕ್ಕೂ ಸಂಬಂಧವಿದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ನಕ್ಷೆಗೂ ಕಾಯಿಗೂ ನಂಟಿಲ್ಲ. ಕಾರ್ಡ್, ಚಾರ್ಟ್ ಮಾತ್ರ ನಕ್ಷೆಯ ಕಾರ್ಟ್‌ಗೆ ಒಡಹುಟ್ಟುಗಳೇ. ಗ್ರೀಕರು ಪಪೈರಸ್ ಹಾಳೆಯನ್ನು ‘ಖಾರ್ಟೆಸ್’ ಎನ್ನುತ್ತಿದ್ದರು. ಅದು ಲ್ಯಾಟಿನ್ನಿನಲ್ಲಿ ‘ಕಾರ್ತಾ’ ಆಗಿ, ಜರ್ಮನ್ನಿನ ‘ಕಾರ್ಟೆ’ಯ ದಾರಿಯಲ್ಲಿ ನಾರ್ವೆ ಸೇರಿತು. ಇಂಗ್ಲಿಷಿನ ಮ್ಯಾಪ್ ಬೇರೆ ಬಳ್ಳಿಯದು. ಅದರ ಮೂಲ ‘ಮಪ್ಪಾ’, ಅಂದರೆ ಬಟ್ಟೆ. ನಮ್ಮ ಭೂಪಟದ ‘ಪಟ’ವೂ ಬಟ್ಟೆಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಒಬ್ಬರಿಗೆ ಹೆಸರು ಹಾಳೆಯಿಂದ ಬಂತು, ಇನ್ನಿಬ್ಬರಿಗೆ ಅರಿವೆಯಿಂದ.

ಕಾಯಿ ಎಂಬರ್ಥದ ಕಾರ್ಟ್ ಆ ನೆಲದ್ದೇ ಹಳೆಯ ಪದ. ನಮ್ಮ ತೋಟಗಳಲ್ಲಿ ಹಣ್ಣಿನ ಜೊತೆ ಬುಟ್ಟಿಗೆ ಬೀಳುವ ಹಸಿರು ಕಾಫಿ ಕಾಯಿಯನ್ನು ನಾರ್ವೆಯವರು ಕಂಡರೆ ಕಾರ್ಟ್ ಎಂದೇ ಕರೆದಾರು. ಎರಡನ್ನೂ ಬಿಡಿಸಿ ತೋರಿಸುವುದು ಲಿಂಗ, ಅದಕ್ಕೆ ತಕ್ಕಂತೆ ಪದದ ಮುಂದೆ ‘ಒಂದು’ ಎನ್ನುವ ಮಾತೂ ಬದಲಾಗುತ್ತದೆ: ನಕ್ಷೆ ನಪುಂಸಕ, ಆದ್ದರಿಂದ ‘ಎಟ್ ಕಾರ್ಟ್’, ಕಾಯಿ ಪುಲ್ಲಿಂಗ, ‘ಎನ್ ಕಾರ್ಟ್’. ಹೊಸಬರು ಎಡವುವುದು ಇಲ್ಲಿಯೇ. ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡದೆ ಎಟ್, ಎನ್ ಸಮೇತ ಕಲಿಯಲಿ. ‘ಆ ನಕ್ಷೆ’ ಎನ್ನಲು ‘ಕಾರ್ಟೆಟ್’ ಎಂದು ಬರೆಯುತ್ತಾರೆ, ಆದರೆ ಕೊನೆಯ ಟ್ ಉಚ್ಚರಿಸುವುದಿಲ್ಲ. ಬಹುವಚನ ಕನ್ನಡಿಗರಿಗೆ ಸಲೀಸು: ನಾವು ‘ಎರಡು ನಕ್ಷೆ ಕೊಡಿ’ ಎಂದಂತೆ ಅವರೂ ‘ತೂ ಕಾರ್ಟ್’ ಎನ್ನುತ್ತಾರೆ, ಪದ ಬದಲಾಗದು.

ಇನ್ನೊಂದು ತೊಡಕು ‘ಕೋರ್ಟ್’. ಡ್ಯಾನಿಷ್‌ನಲ್ಲಿ ಅದು ನಕ್ಷೆಯೂ ಹೌದು, ಕಾರ್ಡೂ ಹೌದು. ನಾರ್ವೆಯಲ್ಲಿ ಕಾರ್ಡ್ ಮಾತ್ರ: ಇಸ್ಪೀಟು, ಬ್ಯಾಂಕಿನದು, ಅಂಚೆಯದು. ಹಾಗೆಂದು ಹೋಟೆಲಿನ ‘ಸ್ಪೀಸೆಕಾರ್ಟ್’ ನಕ್ಷೆಯಲ್ಲ, ತಿಂಡಿಪಟ್ಟಿ. ಕಡಲಿಗೆ ‘ಶೋಕಾರ್ಟ್’, ಊರಿಗೆ ‘ಬೀಕಾರ್ಟ್’, ಬೆಟ್ಟ ಹತ್ತುವವರಿಗೆ ‘ತೂರ್‌ಕಾರ್ಟ್’. ಈ ಕೊನೆಯದು ಸಾಮಾನ್ಯವಾಗಿ 1:50,000 ಅಳತೆಯದು, 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ತಡಿಯಂಡಮೋಳ್ ಹತ್ತುವವರು ಸರ್ವೇ ಆಫ್ ಇಂಡಿಯಾದ ಹಾಳೆಯಲ್ಲಿ ನೋಡುವ ಅಳತೆಯೂ ಇದೇ. ನಕ್ಷೆ ಮಾಡುವ ಸರಕಾರಿ ಸಂಸ್ಥೆ ‘ಕಾರ್ಟ್‌ವೆರ್ಕೆಟ್’. ಅದರ ಬೇರು 1773ರ ಗಡಿ ಅಳತೆಯಲ್ಲಿದೆ.

ಉಚ್ಚಾರಣೆಗೆ ಒಂದು ಮಾತು. ಓಸ್ಲೋ ಕಡೆ ರ್ ಮತ್ತು ತ್ ಕೂಡಿ ನಮ್ಮ ಟಕಾರವೇ ಆಗುತ್ತದೆ, ನಾಲಗೆ ಮಡಚಿದರೆ ಸಾಕು. ಸ್ವರ ಮಾತ್ರ ‘ಆ’ದಂತೆ ಬಾಯಿ ತೆರೆದು, ‘ಅ’ದಷ್ಟು ಗಿಡ್ಡ. ಬರ್ಗೆನ್ ಕಡೆ ರ್ ಗಂಟಲಿನಿಂದ ಬೇರೆಯಾಗಿಯೇ ಕೇಳುತ್ತದೆ.