ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋವನ್ನು (ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಂ) ಕಂಪ್ಯೂಟರಿಗೆ ಹಾಕಿಕೊಡುವ ಇನ್‌ಸ್ಟಾಲರನ್ನು, ಹೊಸ ಆವೃತ್ತಿ ಬರುವುದಕ್ಕೆ ಬಹಳ ಮೊದಲೇ ಮುಗಿಸಿಟ್ಟುಕೊಳ್ಳಬಾರದೇ?

ಅರ್ಧ ಕೆಲಸ ಮೊದಲೇ ಮುಗಿಸಬಹುದು, ಮುಗಿಸಲೇಬೇಕು. ಆದರೆ ಕೊನೆಯ ಬಿಲ್ಡ್, ಅಂದರೆ ಬಳಕೆಗೆ ಸಿದ್ಧವಾದ ರೂಪ ಕಟ್ಟುವುದು, ಮಾತ್ರ ಕರ್ನೆಲ್ (ಸಿಸ್ಟಂನ ತಿರುಳು) ಸ್ಥಿರವಾದ ಮೇಲೆಯೇ ಆಗಬೇಕು.

ಯಾಕೆಂದರೆ ಇನ್‌ಸ್ಟಾಲರ್ ಬೇರೆಯೇ ಆದ ಒಂದು ಪ್ರೋಗ್ರಾಂ ಅಲ್ಲ. ಅದೇ ಡಿಸ್ಟ್ರೋದ ತುಂಡುಗಳಿಂದ ಕಟ್ಟಿದ ಪುಟ್ಟ ಲಿನಕ್ಸ್ ಅದು. ನೆಟ್‌ವರ್ಕ್ ಮೂಲಕ ಬೂಟ್ ಮಾಡುವ ಚಿಕ್ಕ ಇಮೇಜ್ (ಇನ್‌ಸ್ಟಾಲರ್ ಇರುವ ಫೈಲ್) ತನ್ನೊಳಗೆ ಕರ್ನೆಲ್ ಇಟ್ಟುಕೊಂಡಿರುತ್ತದೆ. ಡಿಸ್ಕ್ ಡ್ರೈವರ್‌ನಂಥ ಮಾಡ್ಯೂಲ್‌ಗಳನ್ನು, ಅಂದರೆ ಆ ಕರ್ನೆಲ್‌ಗೆ ಜೋಡಿಸುವ ತುಂಡುಗಳನ್ನು, ಡೆಬಿಯನ್ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಈ ನಡುವೆ ಸರ್ವರ್‌ನಲ್ಲಿ ಕರ್ನೆಲ್ ಬದಲಾಗಿ ಹಳೆಯ ಮಾಡ್ಯೂಲ್‌ಗಳು ಹೋಗಿಬಿಟ್ಟರೆ ಎರಡೂ ಹೊಂದುವುದಿಲ್ಲ. ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ. ನಿನ್ನೆ ಸರಿಯಿದ್ದ ಇಮೇಜ್ ಇವತ್ತು ಕೆಲಸ ಮಾಡಲ್ಲ, ಅದರಲ್ಲಿ ಒಂದು ಸಾಲೂ ಬದಲಾಗದಿದ್ದರೂ!

ಹಾಗಾಗಿ ಹಂತಹಂತವಾಗಿ ಬಿಡುತ್ತಾರೆ. ಡೆಬಿಯನ್ 12ರ ಇನ್‌ಸ್ಟಾಲರ್‌ನ ಮೊದಲ ಆಲ್ಫಾ, ಅಂದರೆ ಆರಂಭಿಕ ಪರೀಕ್ಷಾ ರೂಪ, 2022ರ ಸೆಪ್ಟೆಂಬರ್‌ನಲ್ಲಿ ಬಂತು, ಮೊದಲ ಆರ್‌ಸಿ, ಅಂದರೆ ಅಂತಿಮ ಆಗಬಹುದಾದ ರೂಪ, 2023ರ ಏಪ್ರಿಲ್‌ನಲ್ಲಿ. ಆವೃತ್ತಿ ಹೊರಬಂದದ್ದು ಜೂನ್ 10ಕ್ಕೆ.

ದೊಡ್ಡ ಬದಲಾವಣೆಯನ್ನು ಕೊನೆಗೆ ಉಳಿಸಿಕೊಳ್ಳುವುದು ನಿಜಕ್ಕೂ ಅಪಾಯ. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರೋದ 18ನೇ ಆವೃತ್ತಿಗಾಗಿ ಅದರ ಅನಕೊಂಡಾ ಇನ್‌ಸ್ಟಾಲರನ್ನು ಬಹುಪಾಲು ಹೊಸದಾಗಿ ಬರೆದರು. 2012ರ ನವೆಂಬರ್‌ಗೆ ಬರಬೇಕಿದ್ದ ಆವೃತ್ತಿ ಬಂದದ್ದು 2013ರ ಜನವರಿ 15ಕ್ಕೆ.